ಪಲ್ಯ ಎಲ್ಲಾ ಒಂದೇ ಬಣ್ಣಕ್ಕೆ ತಿರುಗುತ್ತೆ, ಏನು ಮಾಡೋದು? ಬಣ್ಣ ನೋಡಿ ಅಡುಗೆ ಮಾಡೋರು ಯಾರಾದರೂ ಇದ್ದೀರಾ?

ಬ್ರಶ್ ಮೇಷ್ಟ್ರು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಇಲ್ಲೇ ದೃಶ್ಯಕಲಾ ಕಾಲೇಜಲ್ಲಿ ಓದಿದವನು. ನಮ್ಮ ಮನೆಯವರಿಗೆ ಹೊಳಲ್ಕೆರೆ ಕಡೆ ವರ್ಗ ಆದಮೇಲೆ ವಾರಪೂರ್ತಿ ಅಡುಗೆ ನನ್ನದೇ. ಮಗಳು ಪಿಯುಸಿ, ಅವಳಿಗೆ ಬೆಳಿಗ್ಗೆ ಡಬ್ಬಿ ಕಟ್ಟಬೇಕು.

ನಾನು ತರಕಾರಿ ತರೋದು ಬಣ್ಣ ನೋಡಿ. ರೇಟು ಆಮೇಲೆ ಕೇಳುತ್ತೇನೆ. ಸಂತೆಯಲ್ಲಿ ಕೊಯ್ದಿಟ್ಟ ಸಿಹಿಗುಂಬಳದ ಹೋಳು, ಅದರ ಪಕ್ಕ ನೇರಳೆ ಬದನೆಕಾಯಿ ರಾಶಿ ಕಂಡರೆ ಕಾಲು ಅಲ್ಲೇ ನಿಲ್ಲುತ್ತೆ. ಹಳದಿ ಪಕ್ಕ ನೇರಳೆ ಇಟ್ಟರೆ ಎರಡೂ ಎದ್ದು ಕಾಣುತ್ತವೆ ಅಂತ ಮಕ್ಕಳಿಗೆ ಬೋರ್ಡ್ ಮೇಲೆ ಹೇಳಿಕೊಡೋನೇ ನಾನು. ಆದರೆ ಬಾಣಲೆಯಿಂದ ಇಳಿಸೋ ಹೊತ್ತಿಗೆ ಎಲ್ಲಾ ಒಂದೇ ಥರ ಮಂಕು ಹಳದಿ. ಬೀನ್ಸೂ ಹಾಗೇ, ಹೀರೇಕಾಯಿನೂ ಹಾಗೇ. ಮಗಳು ಡಬ್ಬಿ ತೆಗೆದು, "ಅಪ್ಪಾಜಿ, ಇವತ್ತು ಯಾವ ತರಕಾರಿ ಅಂತ ತಿನ್ನೋಕ್ ಮುಂಚೆ ಹೇಳಿಬಿಡು" ಅಂತಾಳೆ.

ಯಾವ ಪಲ್ಯ ಮಾಡಲಿ ಅಂತ ಯೋಚಿಸೋ ಬದಲು ಇವತ್ತು ಯಾವ ಬಣ್ಣ ಅಂತ ಶುರು ಮಾಡೋ ಆಸೆ. ಒಂದು ದಿನ ಬರೀ ಬಿಳಿ ಮಾಡಿದ್ದೆ. ಜೋಳದ ರೊಟ್ಟಿ, ಮೂಲಂಗಿ ಪಚಡಿ, ಕಾಯಿ ಹಾಕಿದ ಸೋರೆಕಾಯಿ ಪಲ್ಯ, ಮಜ್ಜಿಗೆ. ನೋಡೋಕೆ ಬಹಳ ಚೆನ್ನಾಗಿತ್ತು. ಬಿಳಿಗೆ ಕಷ್ಟ ಇಲ್ಲ. ಹಸಿರು, ಕೆಂಪು, ನೇರಳೆ ಉಳಿಸೋದು ಹೇಗೆ? ಅಂಗಡಿ ಕಲರ್ ಪುಡಿ ಮಾತ್ರ ಬೇಡ.

ಚಳ್ಳಕೆರೆ ಅಕ್ಕ

ಮೇಷ್ಟ್ರೇ, ಮೊದಲು ಅರಿಶಿಣದ ಡಬ್ಬಿ ಎತ್ತಿ ಮೇಲಿಡಿ. ನಮ್ಮಲ್ಲಿ ಒಗ್ಗರಣೆ ಅಂದ್ರೆ ಕೈ ತಾನಾಗೇ ಅರಿಶಿಣಕ್ಕೆ ಹೋಗುತ್ತೆ. ಎಲ್ಲದಕ್ಕೂ ಅದು ಬಿದ್ದರೆ ಎಲ್ಲಾ ಹಳದಿನೇ ಅಲ್ವಾ? ಬೇಳೆಗೆ ಹಾಕಿ, ಆಲೂಗಡ್ಡೆಗೆ ಹಾಕಿ. ಬೀನ್ಸ್‌ಗೆ, ಸೊಪ್ಪಿಗೆ ಯಾಕೆ?

ಹಸಿರಿಗೆ ಶತ್ರು ಎರಡು, ಹುಳಿ ಮತ್ತು ಜಾಸ್ತಿ ಹೊತ್ತು ಬೇಯಿಸೋದು. ಬೇಯುವಾಗ ತರಕಾರಿಯೊಳಗಿನ ಹುಳಿಯೇ ಹೊರಗೆ ಬರುತ್ತೆ. ಮುಚ್ಚಳ ಮುಚ್ಚಿದರೆ ಅದು ಆವಿಯಾಗಿ ಹೋಗದೆ ಮತ್ತೆ ಬಾಣಲೆಗೇ ಇಳಿಯುತ್ತೆ, ಹಸಿರು ಕೆಡುತ್ತೆ. ಅದಕ್ಕೆ ಬೀನ್ಸನ್ನು ಕುದಿಯೋ ಉಪ್ಪು ನೀರಿಗೆ ಹಾಕಿ, ಮುಚ್ಚಳ ಇಲ್ಲದೆ ನಾಲ್ಕೈದು ನಿಮಿಷ ಬೇಯಿಸಿ ಬಸಿದುಬಿಡಿ. ತಕ್ಷಣ ತಣ್ಣೀರು ಹಾಕಿ. ಆಮೇಲೆ ಒಗ್ಗರಣೆಯಲ್ಲಿ ಎರಡು ಸುತ್ತು ಆಡಿಸಿದರೆ ಸಾಕು. ನಿಂಬೆಹಣ್ಣು ತಟ್ಟೆಗೆ ಬಡಿಸಿದ ಮೇಲೆ. ಡಬ್ಬಿಗಾದರೆ ಹೋಳು ಬೇರೆ ಇಡಿ.

ಬೀಟ್‌ರೂಟ್ ಪೂರಾ ಉಲ್ಟಾ. ಅದಕ್ಕೆ ಹುಳಿ ಬೇಕು. ಅದರ ಕೆಂಪು ನೀರಲ್ಲಿ ಕರಗೋದು, ಹೆಚ್ಚಿ ಬೇಯಿಸಿದರೆ ನೀರಿನ ಜೊತೆ ಹೋಯ್ತು. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಆಮೇಲೆ ಹೆಚ್ಚಿ. ಒಂದು ಚೂರು ಹುಣಸೆ ರಸ ಹಾಕಿದರೆ ಕೆಂಪು ಗಟ್ಟಿ ನಿಲ್ಲುತ್ತೆ.

ಕ್ಯಾರೆಟ್, ಸಿಹಿಗುಂಬಳದ ಬಣ್ಣ ಎಣ್ಣೆಯಲ್ಲಿ ಬಿಡುತ್ತೆ, ನೀರಲ್ಲಿ ಅಲ್ಲ. ಬಿಸಿಗೂ ಅಷ್ಟು ಬೇಗ ಕೆಡಲ್ಲ. ಎಣ್ಣೆಗೆ ಕೈ ಹಿಡಿಯಬೇಡಿ. ನಮ್ಮೂರ ಶೇಂಗಾ ಎಣ್ಣೆ ಆದರೆ ಇನ್ನೂ ಒಳ್ಳೇದು (ಎಣ್ಣೆ ಗಾಣದ ಊರಿನವಳು, ಹೇಳದೆ ಇರೋಕಾಗಲ್ಲ).

ಕೆಂಪು ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ. ನಿಮಗೆ ಪಕ್ಕದ ಹಾವೇರಿ ಜಿಲ್ಲೆಯದೇ. 2011ರಲ್ಲಿ ಜಿಐ ಟ್ಯಾಗ್ (ಇದು ಆ ಸೀಮೆಯದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದ ಕಾಯಿ. ಖಾರ ಕಮ್ಮಿ, ಬಣ್ಣ ಜಾಸ್ತಿ. ಬಿಸಿನೀರಲ್ಲಿ ನೆನೆಸಿ ರುಬ್ಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡೋವರೆಗೆ ಹುರಿಯಿರಿ. ಉರಿ ಜೋರಾದರೆ ಕಂದು.

ಕೋಟೆ ಕೆಳಗಿನವ (ಚಿತ್ರದುರ್ಗ)

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೀರು ನೋಡಿ. ನಮ್ಮ ಮನೆಯಲ್ಲಿ ಬೋರ್ ನೀರು. ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತೆ, ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಕಾಳು ಕಾಳಾಗೇ ಇರುತ್ತೆ. ಆ ನೀರಲ್ಲಿ ನೇರಳೆ ಕೋಸು ಬೇಯಿಸಿದಾಗ ಅದು ನೀಲಿ ಆಯ್ತು. ನಿಜವಾಗ್ಲೂ ನೀಲಿ, ಬಟ್ಟೆಗೆ ಹಾಕೋ ನೀಲಿ ಪುಡಿ ಹಾಕಿದಂಗೆ. ನಮ್ಮಮ್ಮ ಅದನ್ನು ಚೆಲ್ಲೋಕೆ ಹೊರಟಿದ್ದರು. ಅರ್ಧ ನಿಂಬೆಹಣ್ಣು ಹಿಂಡಿದೆ, ಕಣ್ಣೆದುರಿಗೇ ಗುಲಾಬಿ ಆಯ್ತು. ಗಡಸು ನೀರು ಕುದಿದಾಗ ಕ್ಷಾರ ಜಾಸ್ತಿ ಆಗುತ್ತೆ. ಕೋಸಿನ ಬಣ್ಣ ಕ್ಷಾರಕ್ಕೆ ನೀಲಿ, ಹುಳಿಗೆ ಕೆಂಪು. ಮೇಷ್ಟ್ರೇ, ನಿಮ್ಮ ಮಕ್ಕಳಿಗೆ ಕ್ಲಾಸಲ್ಲಿ ತೋರಿಸಿ, ಬಿಡಲ್ಲ ನಿಮ್ಮನ್ನು.

ಹಸಿರು ಉಳಿಯಲಿ ಅಂತ ಸೋಡಾ ಹಾಕೋರು ಇದ್ದಾರೆ. ಬೇಡ. ಹಸಿರೇನೋ ಉಳಿಯುತ್ತೆ, ಆದರೆ ಬೀನ್ಸ್ ಲೊಳಲೊಳ ಆಗುತ್ತೆ, ವಿಟಮಿನ್ನೂ ಹೋಗುತ್ತೆ. ಜೊತೆಗೆ ಅರಿಶಿಣ ಇದ್ದರೆ ಸೋಡಾಕ್ಕೆ ಅದು ಕೆಂಪಗೆ ತಿರುಗುತ್ತೆ. ಆರತಿ ತಟ್ಟೆಗೆ ಅರಿಶಿಣ, ಸುಣ್ಣ ಕಲಸಿ ಓಕುಳಿ ನೀರು ಮಾಡಲ್ವಾ, ಅದೇ ಲೆಕ್ಕ.

ರೊಟ್ಟಿ ಖಾನಾವಳಿ

ಎಲ್ಲಾ ಓದಿದೆ. ತಪ್ಪು ತಿಳೀಬೇಡಿ ಸರ್, ಕಂದು ಬಣ್ಣ ಅಂದ್ರೆ ನಿಮಗೆ ಯಾಕಿಷ್ಟು ಸಿಟ್ಟು? ಎಣ್ಣೆಗಾಯಿ ಕಪ್ಪಗಿರಬೇಕು. ಗುರೆಳ್ಳು ಪುಡಿ, ಶೇಂಗಾ ಪುಡಿ ಒಳಗೆ ತುಂಬಿದ ಬದನೆಕಾಯಿ ನೇರಳೆ ಉಳಿದರೆ ಬೆಂದಿಲ್ಲ ಅಂತ ಅರ್ಥ. ಅದರ ಬಣ್ಣ ಇರೋದು ಮೇಲೆ ತೇಲೋ ಎಣ್ಣೆಯಲ್ಲಿ. ಅದು ಕೆಂಪಗಿಲ್ಲ ಅಂದ್ರೆ ನಮ್ಮ ಗಿರಾಕಿಗಳು ಬಾಯಿಗೂ ಇಡಲ್ಲ, "ಏನಣ್ಣ, ಇವತ್ತು ಎಣ್ಣೆ ರೇಟು ಏರ್ತಾ?" ಅಂತಾರೆ.

ನಿಮ್ಮ ತಟ್ಟೆಗೆ ಬಣ್ಣ ಬೇಕಂದ್ರೆ ಬೇಯಿಸದೇ ಇರೋದನ್ನು ಪಕ್ಕಕ್ಕಿಡಿ. ಸೌತೆಕಾಯಿ, ಈರುಳ್ಳಿ, ಮೂಲಂಗಿ, ಮೆಂತ್ಯ ಸೊಪ್ಪು, ಹಸಿ ಮೆಣಸಿನಕಾಯಿ. ರೊಟ್ಟಿ ಊಟದಲ್ಲಿ ಅದು ಮೊದಲಿಂದ ಇದ್ದೇ ಇದೆ. ಬದನೆಕಾಯಿ ಹೆಚ್ಚಿದ ಕೂಡಲೇ ಉಪ್ಪು ನೀರಿಗೆ ಹಾಕಿ, ಬಾಳೆಕಾಯಿ ಆದರೆ ಮಜ್ಜಿಗೆ ನೀರಿಗೆ. ಇಲ್ಲಾಂದ್ರೆ ಒಲೆ ಹತ್ತಿಸೋಕ್ ಮುಂಚೆನೇ ಕಪ್ಪಾಗುತ್ತೆ.

ಅಂಚು ಸೆರಗು (ಮೊಳಕಾಲ್ಮೂರು)

ನಮ್ಮದು ಮಗ್ಗದ ಮನೆ. ನಮ್ಮೂರ ರೇಷ್ಮೆ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ಅಂಚು ಅಗಲ ಆಗಿ ಒಡಲಿಗೆ ಸಮ ಬಂದುಬಿಟ್ಟರೆ ಎರಡೂ ಜಗಳ ಆಡುತ್ತವೆ. ನಾನು ತಟ್ಟೆನೂ ಹಾಗೇ ನೋಡುತ್ತೇನೆ. ಹಾಗಲಕಾಯಿ ಪಲ್ಯ ಹಸಿರು ಒಡಲು ಅಂದುಕೊಳ್ಳಿ, ಮೇಲೆ ನಾಲ್ಕೇ ನಾಲ್ಕು ದಾಳಿಂಬೆ ಕಾಳು. ಹಿರಿಯೂರು ಕಡೆ ದಾಳಿಂಬೆ ಬೇಕಾದಷ್ಟು ಬೆಳೀತಾರೆ. ಕಹಿಗೆ ಸಿಹಿ-ಹುಳಿನೂ ಸಿಕ್ತು. ನಿಮ್ಮ ಸಿಹಿಗುಂಬಳಕ್ಕೆ ನೇರಳೆ ಬೇಕಾದರೆ ಬದನೆ ಬೇಡ, ಉದ್ದುದ್ದ ಹೆಚ್ಚಿದ ಹಸಿ ಈರುಳ್ಳಿ ಸಾಕು, ಮೇಲೆ ಚೂರು ನಿಂಬೆರಸ. ಕಾಲು ಗಂಟೆಯಲ್ಲಿ ಈರುಳ್ಳಿ ತಾನೇ ಗುಲಾಬಿ ಆಗುತ್ತೆ.

ಬ್ರಶ್ ಮೇಷ್ಟ್ರು (ದಾವಣಗೆರೆ)

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇವತ್ತು ಬೀನ್ಸ್ ಅಕ್ಕ ಹೇಳಿದ ಹಾಗೇ ಮಾಡಿದೆ, ಅರಿಶಿಣ ಇಲ್ಲ, ಮುಚ್ಚಳ ಇಲ್ಲ. ಮಧ್ಯಾಹ್ನದವರೆಗೂ ಡಬ್ಬಿಯಲ್ಲಿ ಹಸಿರಾಗೇ ಇತ್ತಂತೆ. ಈರುಳ್ಳಿಗೆ ನಿಂಬೆರಸ ಹಾಕಿ ಸಿಹಿಗುಂಬಳದ ಮೇಲೆ ಹಾಕಿದ್ದೆ, ಮಗಳು ಈರುಳ್ಳಿ ಮಾತ್ರ ಆರಿಸಿ ತಿಂದು ಕುಂಬಳ ವಾಪಸ್ ತಂದಳು. ಅದು ಬಣ್ಣದ ತಪ್ಪಲ್ಲ ಬಿಡಿ, ಅವಳಿಗೆ ಮೊದಲಿಂದ ಕುಂಬಳ ಆಗಲ್ಲ.

ಖಾನಾವಳಿ ಅಣ್ಣ, ಎಣ್ಣೆಗಾಯಿ ವಿಷಯ ಒಪ್ಪಿದೆ. ಎಣ್ಣೆ ಕೆಂಪಗೆ ತೇಲಬೇಕಂದ್ರೆ ಖಾರದ ಪುಡಿ ಯಾವಾಗ ಹಾಕಬೇಕು?

ರೊಟ್ಟಿ ಖಾನಾವಳಿ

ಈರುಳ್ಳಿ ಮೆತ್ತಗಾದ ಮೇಲೆ ಉರಿ ಪೂರಾ ಸಣ್ಣ ಮಾಡಿ, ಎಣ್ಣೆಗೇ ನೇರ ಹಾಕಿ. ಎರಡು ಸಲ ತಿರುವಿ ತಕ್ಷಣ ಅರ್ಧ ಲೋಟ ನೀರು. ಅಲ್ಲಿ ಫೋನ್ ಬಂದ್ರೂ ಎತ್ತಬೇಡಿ.