ಓದುಗರ ಸ್ಪಂದನ: ಸಂಬಳ ಬಿಟ್ಟು ಹಾಳೆ ತಟ್ಟೆ ಮಾಡಲೇ?

ಕಳೆದ ಸಂಚಿಕೆಯಲ್ಲಿ ಶಿವಮೊಗ್ಗದ ಓದುಗರೊಬ್ಬರು ತಮ್ಮ ತೊಡಕು ಬರೆದಿದ್ದರು. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ 11 ವರ್ಷದಿಂದ ಮೇಂಟೆನೆನ್ಸ್ ಸೂಪರ್‌ವೈಸರ್, ಸಂಬಳ 42,000 ರೂಪಾಯಿ, ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ. ಐದು ಅಚ್ಚಿನ ಯಂತ್ರ ತಂದು, ಅಡಿಕೆ ಸೋಗೆಯ ಬುಡದ ಹಾಳೆಯನ್ನು ಒತ್ತಿ ಊಟದ ತಟ್ಟೆ ಮಾಡುವ ಆಸೆ. ಹೆಂಡತಿಗೆ ಮನಸ್ಸಿಲ್ಲ. ಈ ತಿಂಗಳೇ ರಾಜೀನಾಮೆ ಕೊಡಲೇ ಎಂದು ಕೇಳಿದ್ದರು. ‘ಧೈರ್ಯ ಮಾಡಿ, ಕೊಡಿ’ ಎಂದು ಬರೆದವರು ಇಬ್ಬರು. ಇಬ್ಬರೂ ಲೆಕ್ಕ ಬರೆದಿಲ್ಲವಾದ್ದರಿಂದ ಆ ಪತ್ರಗಳನ್ನು ಇಲ್ಲಿ ಹಾಕಿಲ್ಲ. – ಸಂ.

*

‘ಹಾಳೆ ಹೇಗೂ ನಮ್ಮ ತೋಟದ್ದೇ’ ಎಂದು ಬರೆದಿದ್ದೀರಿ. ಘಟಕಗಳು ಮುಳುಗುವುದು ಈ ಒಂದು ಮಾತಿನಿಂದಲೇ. ಎಕರೆಗೆ 540ರಂತೆ ಮೂರು ಎಕರೆಗೆ 1,600 ಮರ ಅಂದುಕೊಳ್ಳಿ. ಮರಕ್ಕೆ ವರ್ಷಕ್ಕೆ ಆರು ಹಾಳೆ ಬಿದ್ದರೆ 9,600. ಮಳೆಯಲ್ಲಿ ಕೊಳೆತದ್ದು, ಸೀಳಿದ್ದು, ಗೆದ್ದಲು ಹಿಡಿದದ್ದು ತೆಗೆದರೆ ಅರ್ಧ ಉಳಿದೀತು. ಐದರಲ್ಲಿ ಎರಡು ಅಚ್ಚು 12 ಇಂಚಿನದ್ದಾದರೆ ದಿನಕ್ಕೆ 600 ಹಾಳೆ ಬೇಕು. ಬಟ್ಟಲು, ಚಿಕ್ಕ ತಟ್ಟೆಗಳು ಅದೇ ಹಾಳೆಯ ಉಳಿದ ತುಂಡಿನಲ್ಲಿ ಆಗುತ್ತವೆ. ಅಂದರೆ ನಿಮ್ಮ ಮೂರು ಎಕರೆ ಯಂತ್ರಕ್ಕೆ ಎಂಟು ದಿನದ ಗಂಜಿ.

ಉಳಿದದ್ದನ್ನು ಕೊಳ್ಳಬೇಕು, ಅದೂ ಡಿಸೆಂಬರಿನಿಂದ ಮೇ ಒಳಗೆ. ಬಿದ್ದ ಹಾಳೆಯನ್ನು ಎರಡು ಮೂರು ದಿನದೊಳಗೆ ಹೆಕ್ಕಬೇಕು. ಇಬ್ಬನಿಯಲ್ಲಿ ನೆನೆದು ಬಿಸಿಲಿಗೆ ಒಣಗಿ ಮತ್ತೆ ನೆನೆದರೆ ಒಳಮೈ ಕಪ್ಪಾಗುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆದಾಗ ಬೋರ್ಡೋ ದ್ರಾವಣ ಸಿಡಿದು ನೀಲಿ ಕಲೆಯಾದ ಹಾಳೆಯನ್ನು ಊಟದ ತಟ್ಟೆಗೆ ಮುಟ್ಟಲೇಬೇಡಿ. ಅದರಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇದೆ. ಅಡಿಕೆ ಕೊನೆ (ಗೊನೆ) ಕೊಯ್ಲು ಆಗುವಾಗ ಹಾಳೆ ಹೆಕ್ಕಲು ಆಳು ಸಿಗುವುದಿಲ್ಲ ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂರು ದಿನ ಯಂತ್ರ ಓಡಿಸಬೇಕಾದರೆ 60,000 ಹಾಳೆ ದಾಸ್ತಾನು ಬೇಕು. ಹಾಳೆಗೆ ಎರಡು ರೂಪಾಯಿ ಹಿಡಿದರೂ 1,20,000 ರೂಪಾಯಿ ಅಟ್ಟದ ಮೇಲೆ ಮಲಗಿರುತ್ತದೆ. ಸಿಮೆಂಟ್ ನೆಲದ ಮೇಲೆ ಪೇರಿಸಿದರೆ ಆಷಾಢದೊಳಗೆ ಕೆಳಗಿನ ಸಾಲಿಗೆಲ್ಲ ಬೂಷ್ಟು. ಸೀಳಿದ ಅಡಿಕೆ ಮರದ ದಬ್ಬೆಯ ಅಟ್ಟಣಿಗೆ ಎರಡಡಿ ಎತ್ತರ ಇರಲಿ, ಗೋಡೆಗೆ ತಾಗದಿರಲಿ, ಐವತ್ತರ ಕಟ್ಟು ಕಟ್ಟಿ, ಕಟ್ಟುಗಳ ನಡುವೆ ಗಾಳಿ ಆಡಲಿ.

ಒತ್ತುವುದು ಕಲಿಯಲು ವಾರ ಸಾಕು, ಆದರೆ ಮಳೆಗಾಲದಲ್ಲಿ ಕೈ ಮತ್ತೆ ಮೊದಲಿಂದ ಪಳಗಬೇಕು. ಹತ್ತು ಹದಿನೈದು ನಿಮಿಷ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ನೀರು ಬಸಿಯಲು ನಿಲ್ಲಿಸಿ. ಹಾಳೆಯನ್ನು ಬೆರಳಿನಿಂದ ಒತ್ತಿದರೆ ತಣ್ಣಗಿರಬೇಕು, ಒದ್ದೆ ಅಂಟಬಾರದು. ನೀರು ಹೆಚ್ಚಿದ್ದರೆ ಅಚ್ಚಿನೊಳಗೆ ಆವಿ ಕಟ್ಟಿ ಬೊಬ್ಬೆ ಏಳುತ್ತದೆ. ಆ ತಟ್ಟೆ ಮಾರನೇ ದಿನ ದೋಣಿಯಂತೆ ಬಾಗುತ್ತದೆ. ಕಡಿಮೆಯಾದರೆ ಅಂಚಿನ ತಿರುವಿನಲ್ಲಿ ಸೀಳುತ್ತದೆ. ಬಿಸಿ ನೂರು ಡಿಗ್ರಿಯ ಆಸುಪಾಸು, ಒತ್ತು ಸುಮಾರು ಒಂದು ನಿಮಿಷ. ಮಧ್ಯೆ ಕರೆಂಟು ಹೋದರೆ ಅಚ್ಚು ತಣ್ಣಗಾಗಿ ಆ ಸಾಲು ಪೂರ್ತಿ ಹಾಳು. ಮನೆಯ ಯುಪಿಎಸ್ ಹೀಟರ್ ಎಳೆಯುವುದಿಲ್ಲ. ಬಿಸಿ ತಟ್ಟೆಯನ್ನೇ ಪ್ಲಾಸ್ಟಿಕ್ಕಿಗೆ ತುಂಬಿದರೆ ಒಳಗೆ ಬೆವರಿ ನಾಲ್ಕೈದು ದಿನಕ್ಕೆ ಬಿಳಿ ನೂಲು ಏಳುತ್ತದೆ. ಮೂಟೆ ಹಿಂದೆ ಬರುತ್ತದೆ, ಲಾರಿ ಬಾಡಿಗೆ ನಿಮ್ಮದೇ.

ಇಷ್ಟು ಖಾರವಾಗಿ ಬರೆಯಲು ಕಾರಣವಿದೆ. ಅದು ಇಲ್ಲಿ ಬೇಡ. ಒಂದು ಮಳೆಗಾಲ ಬೇರೆಯವರ ಘಟಕದಲ್ಲಿ ಭಾನುವಾರ ಹೋಗಿ ನಿಂತು ನೋಡಿ.
– ಓದುಗ, ತೀರ್ಥಹಳ್ಳಿ

*

ಯಂತ್ರಕ್ಕೆ ಮುಂಗಡ ಕೊಟ್ಟಿದ್ದೀರಾ? ಕೊಟ್ಟಿಲ್ಲದಿದ್ದರೆ ತಡೆಯಿರಿ. ಸ್ವಂತ ಉದ್ದಿಮೆ ಹಾಕುವವರಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ ಸಹಾಯಧನ ಹೊಸ ಘಟಕಕ್ಕೆ ಮಾತ್ರ, ಮೊದಲೇ ಶುರುವಾದದ್ದಕ್ಕೆ ಸಿಗದು. ಯೋಜನೆ ಜಾರಿಯಲ್ಲಿದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡು ಮುಂದುವರಿಯಿರಿ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಸಹಾಯಧನ ಶೇ 25, ಸ್ವಂತ ಹಣ ಶೇ 10. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ 35 ಮತ್ತು ಶೇ 5. 8 ಲಕ್ಷದ ಘಟಕಕ್ಕೆ ನಿಮ್ಮ 80,000, ಬ್ಯಾಂಕಿನ 7,20,000. ಸಹಾಯಧನದ 2 ಲಕ್ಷ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ಡಿಸೆಂಬರಿನಲ್ಲಿ ಸಾಲ ಪಡೆದು ಕಂತು ಕಟ್ಟಲು ಆರು ತಿಂಗಳ ರಜೆ ಕೊಟ್ಟರೆ ಮೊದಲ ಕಂತು ಬೀಳುವುದು ಮುಂಗಾರಿನಲ್ಲಿ, ಮದುವೆಯೂ ಇಲ್ಲದ ಕಾಲದಲ್ಲಿ. ಮಂಜೂರಿಗೆ ಮೊದಲೇ ಇದನ್ನು ಮ್ಯಾನೇಜರ್ ಹತ್ತಿರ ಮಾತಾಡಿ. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ, ಏಜೆಂಟರಿಗೆ ಕಾಸು ಕೊಡಬೇಡಿ. ರಾಜ್ಯದೊಳಗೆ ಮಾರಿದರೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಅರ್ಜಿಯನ್ನು ಹೆಂಡತಿ ಹೆಸರಲ್ಲಿ ಹಾಕಿದರೆ ಲಾಭ ಹೆಚ್ಚು.
– ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಗರ

*

ಕೊನೆಯ ಸಲಹೆಗೆ ಉತ್ತರವೆಂಬಂತೆ ಹೊಸನಗರದಿಂದ ಒಂದು ಕಾರ್ಡು ಬಂದಿದೆ. – ಸಂ.

ಕಳೆದ ಸಂಚಿಕೆಯ ನಿಮ್ಮ ಪತ್ರದಲ್ಲಿ ಯಂತ್ರದ ಬೆಲೆ ಇದೆ, ತಟ್ಟೆಯ ದರ ಇದೆ. ದಿನಕ್ಕೆ 600 ಹಾಳೆ ಉಜ್ಜುವ ಇಬ್ಬರ ಕೂಲಿ ಎಲ್ಲಿದೆ? ‘ಮನೆಯವರು’ ಎಂದು ಲೆಕ್ಕ ಹಾಕಿದ್ದರೆ ಅವರಿಗೆ ಮನಸ್ಸಿಲ್ಲದಿರುವುದು ಸರಿಯಾಗಿಯೇ ಇದೆ.
– ಓದುಗಿ, ಹೊಸನಗರ

*

ರಾಜೀನಾಮೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಟ್ಟರೆ ಏನೇನು ಬರುತ್ತದೆ, ಏನು ಹೋಗುತ್ತದೆ ನೋಡಿ. ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ಕಂಪನಿ ಕೊಡುವ ಇಡಿಗಂಟು): ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 25,000 ಇದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 11 ವರ್ಷಕ್ಕೆ ಲೆಕ್ಕ ಹಾಕಿದರೆ 1,58,654 ರೂಪಾಯಿ. 42,000ದ ಮೇಲೆ ಲೆಕ್ಕ ಹಾಕಿ ಬೀಗಬೇಡಿ. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ದಾಟಿದ್ದರೆ ಆ ಹಣ ವಾಪಸು ಬರುವುದಿಲ್ಲ. ಸೇವೆಯ ವರ್ಷಗಳನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ, 58ಕ್ಕೆ ಪಿಂಚಣಿ. ಪಿಎಫ್ ದುಡ್ಡನ್ನು ಯಂತ್ರಕ್ಕೆ ಹಾಕಬೇಡಿ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ದಿನಕ್ಕೇ ಮುಗಿಯುತ್ತದೆ. ಸ್ವಂತ ಪಾಲಿಸಿಗೆ ಮೊದಲ 30 ದಿನ ಕಾಯಿಲೆಯ ಖರ್ಚು ಸಿಗದು, ಮೊದಲೇ ಇದ್ದ ಬಿಪಿ, ಶುಗರ್‌ಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಪಾಲಿಸಿ ಮೊದಲು, ರಾಜೀನಾಮೆ ಆಮೇಲೆ.
– ಓದುಗ, ಭದ್ರಾವತಿ

*

ನಮ್ಮ ಕಡೆ ಪಂಕ್ತಿಗೆ ಬಾಳೆಎಲೆಯೇ. ಹಾಳೆ ತಟ್ಟೆ ಬಫೆಗೆ, ಅದೂ ಬೆಂಗಳೂರಿನಲ್ಲಿ. ಅಲ್ಲಿನ ಅಡುಗೆ ಗುತ್ತಿಗೆದಾರರು ಉದ್ರಿ ಕೇಳುತ್ತಾರೆ. ರಫ್ತಿನ ಮಾತು ಬರೆದಿದ್ದೀರಿ. ಅಡಿಕೆಯ ಆಲ್ಕಲಾಯ್ಡ್ ಎಂಬ ಹಾನಿಕರ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಹಾಳೆ ತಟ್ಟೆಯನ್ನು ಒಲ್ಲೆ ಎಂದಿದೆ. ಆ ಬಾಗಿಲು ಸದ್ಯಕ್ಕೆ ಮುಚ್ಚಿದಂತೆಯೇ.
– ಓದುಗ, ಕೊಪ್ಪ

*

ಕೇಳಿದ ಪ್ರಶ್ನೆಗೆ ಉತ್ತರವಲ್ಲದಿದ್ದರೂ ಈ ಪತ್ರವನ್ನು ಪ್ರಶ್ನೆ ಕೇಳಿದವರು ಎರಡು ಸಲ ಓದಲಿ ಎಂದು ಕೊನೆಗೆ ಇಟ್ಟಿದ್ದೇವೆ. – ಸಂ.

ಸ್ವಾಮಿ, ನೀವು ಮೇಂಟೆನೆನ್ಸಿನವರು. ಹಾಳೆ ತಟ್ಟೆ ಯಂತ್ರ ಕೆಟ್ಟರೆ ತಯಾರಕರ ಕಡೆಯ ಮೆಕ್ಯಾನಿಕ್ ಬರುವ ತನಕ ಘಟಕ ಬಾಗಿಲು ಹಾಕಿಕೊಂಡಿರುತ್ತದೆ. ಕೆಡುವುದು ನಾಲ್ಕೇ ಜಾಗ: ಹೀಟರ್ ಸುಡುತ್ತದೆ, ಥರ್ಮೋಸ್ಟಾಟ್ ಅಂಟಿಕೊಂಡು ತಟ್ಟೆ ಕರಟುತ್ತದೆ, ಹೈಡ್ರಾಲಿಕ್ ಸೀಲ್ ಸೋರಿ ಒತ್ತು ಇಳಿಯುತ್ತದೆ, ಅಚ್ಚಿನ ಅಂಚು ಮೊಂಡಾಗಿ ತಟ್ಟೆಯ ಸುತ್ತ ನಾರು ಉಳಿಯುತ್ತದೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಅಡಿಕೆ ಸುಲಿಯುವ ಯಂತ್ರಗಳದ್ದೂ ಇದೇ ಗೋಳು: ಬೆಲ್ಟು, ಬೇರಿಂಗು, ಸವೆದ ಬ್ಲೇಡು. ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸಕ್ಕೆ ಅಡ್ಡಿಯಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಭಾನುವಾರ ಈ ಯಂತ್ರಗಳ ರಿಪೇರಿಗೆ ಹೊರಡಿ. ಬೈಕಿನ ಡಬ್ಬಿಯಲ್ಲಿ ಎರಡು ಅಳತೆಯ ಹೀಟರ್ ನಾಲ್ಕು, ಥರ್ಮೋಸ್ಟಾಟ್ ಎರಡು, ಸೀಲ್ ಕಿಟ್ ಒಂದು, ಮಲ್ಟಿಮೀಟರ್, ಅಲೆನ್ ಕೀ ಸೆಟ್ಟು ಇರಲಿ. ಹೀಟರ್ ಕೊಳ್ಳುವ ಮೊದಲು ಹಳೆಯದರ ಉದ್ದ, ದಪ್ಪ, ವ್ಯಾಟ್ ಮೂರನ್ನೂ ಬರೆದುಕೊಳ್ಳಿ. ತಯಾರಕರೊಬ್ಬರಿಂದ ಇನ್ನೊಬ್ಬರಿಗೆ ಅಳತೆ ಬೇರೆ.
– ಓದುಗ, ಶಿವಮೊಗ್ಗ