ಪದಚರ್ಚೆ: ‘ಕ್ಲೋಸೆಟೆಡ್’ಗೆ ‘ಹೇಳಿಕೊಂಡಿಲ್ಲ’ ಸಾಕಲ್ವಾ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ನಾನು ಕೇಳಿದ್ದು ಒಂದೇ ಪದ. ಉತ್ತರ ತುಂಬ ಬಂದವು, ಆದರೆ ಅರ್ಧಕ್ಕಿಂತ ಜಾಸ್ತಿ ಎರವಲು ಪದ ಬೇಕೋ ಬೇಡವೋ ಎಂಬ ಜಗಳ. ಶನಿವಾರ ಸಂಜೆ ಕಾರವಾರದಲ್ಲಿ ನಾವು ಗೆಳೆಯರು ಕೂಡಿ ಆ ಧಾರಾವಾಹಿ ನೋಡುವವರಿದ್ದೇವೆ. ಸಬ್‌ಟೈಟಲ್ ಕೆಲಸ ನನ್ನ ಪಾಲಿಗೆ ಬಂದಿದೆ. ನನಗೆ ಪದ ಈಗಲೇ ಬೇಕು.

ಮೊದಲ ಪತ್ರ ಓದದವರಿಗೆ ಒಂದೆರಡು ಮಾತು. ‘ಹೀಟೆಡ್ ರೈವಲ್ರಿ’ ಎಂಬ ಕೆನಡಾದ ಧಾರಾವಾಹಿ, ಆರು ಕಂತು, 2025ರ ನವೆಂಬರಿನಲ್ಲಿ ಶುರುವಾದದ್ದು. ಇಬ್ಬರು ಐಸ್ ಹಾಕಿ ಆಟಗಾರರು, ಒಬ್ಬ ಕೆನಡಾದವನು, ಒಬ್ಬ ರಷ್ಯಾದವನು. ಆಟದಲ್ಲಿ ಹಾವು ಮುಂಗುಸಿ. ಹೊರಗೆ ವರ್ಷಗಟ್ಟಲೆ ಯಾರಿಗೂ ತಿಳಿಯದ ಹಾಗೆ ಪ್ರೀತಿ. ತಾನು ಗೇ ಎಂದು ಯಾರಿಗೂ ತಿಳಿಸದೆ ಬದುಕುವವರಿಗೆ ಇಂಗ್ಲಿಷಿನಲ್ಲಿ ‘ಕ್ಲೋಸೆಟೆಡ್’ ಅಂತಾರೆ. ಅದಕ್ಕೆ ಕನ್ನಡ ಏನು ಎಂದು ಕೇಳಿದ್ದೆ.

ಇಂಗ್ಲಿಷಿನ ‘ಕ್ಲೋಸೆಟ್’ ಅಂದರೆ ಕಪಾಟು, ಆದರೆ ನಮಗೆ ಕಪಾಟು ಬೇಡ. ‘ಕಪಾಟಿನೊಳಗಿನ ಆಟಗಾರ’ ಎಂದು ತೆರೆಯ ಮೇಲೆ ಬಂದರೆ ನೋಡುವವರು ಕಪಾಟು ಎಲ್ಲಿದೆ ಅಂತ ಹುಡುಕುತ್ತಾರೆ. ಶಿರಸಿಯ ಮಾಸ್ತರರು ಕಪಾಟಿಗೂ ಕಪಟಕ್ಕೂ ಗಂಟು ಹಾಕಿ, ಮೋಸದ ಅರ್ಥ ಆ ಪದದಲ್ಲೇ ಇದೆ ಎಂದು ಎರಡು ಪುಟ ಬರೆದಿದ್ದಾರೆ. ಮಾಸ್ತರರೇ, ಅದು ಸರಿಯಲ್ಲ. ಸಂಸ್ಕೃತದಲ್ಲಿ ಕಪಾಟ, ಕವಾಟ ಅಂದರೆ ಬಾಗಿಲು. ಹೃದಯದ ಕವಾಟ ಅನ್ನುತ್ತೇವಲ್ಲ, ಅದೇ. ಕಪಟ ಬೇರೆ ಪದ. ಅದೂ ಅಲ್ಲದೆ ಈ ಹುಡುಗರು ಯಾರಿಗೂ ಮೋಸ ಮಾಡಿಲ್ಲ. ಪದದ ಹುಟ್ಟು ಹುಡುಕುವ ಭರದಲ್ಲಿ ನಾವು ಅವರ ಮೇಲೆ ಅಪರಾಧ ಹೊರಿಸಬಾರದು.

ಹೊನ್ನಾವರದ ಅಣ್ಣ ಕೊಟ್ಟ ‘ಚೌಕಿಯೊಳಗಿನ’ ಎಂಬ ಮಾತು ನನ್ನನ್ನು ಒಂದು ದಿನ ಪೂರ್ತಿ ಹಿಡಿದಿಟ್ಟಿತು. ಚೌಕಿ ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ. ಯಕ್ಷಗಾನದ ಊರಿನವರಿಗೆ ಆ ಮಾತು ಕೇಳಿದ ಕೂಡಲೇ ಚಿತ್ರ ಕಣ್ಣಿಗೆ ಬರುತ್ತದೆ, ಬಣ್ಣ, ಗೆಜ್ಜೆ, ಪರದೆಯ ಆಚೆ ಕಾಯುವ ಜನ. ಆದರೆ ಅಣ್ಣಾ, ಹೋಲಿಕೆ ತಿರುಗಾಮುರುಗಾ ಆಗುತ್ತದೆ. ಚೌಕಿಯಿಂದ ಹೊರಗೆ ಬರುವವನು ವೇಷ ಕಟ್ಟಿಕೊಂಡು ಬರುತ್ತಾನೆ, ಒಳಗೆ ಇದ್ದಾಗಲೇ ಅವನು ಅವನಾಗಿರುವುದು. ಇಂಗ್ಲಿಷಿನಲ್ಲಿ ತಾನು ಗೇ ಎಂದು ತಿಳಿಸುವುದಕ್ಕೆ ‘ಕಮಿಂಗ್ ಔಟ್’, ಹೊರಗೆ ಬರುವುದು ಅಂತಾರೆ, ಅಲ್ಲಿ ಹೊರಗೆ ಬಂದವನು ವೇಷ ಕಳಚಿದವನು. ಜೊತೆಗೆ ಚೌಕಿಯಲ್ಲಿ ಇಡೀ ಮೇಳ ಇರುತ್ತದೆ, ಯಾರು ಯಾರೆಂದು ಎಲ್ಲರಿಗೂ ಗೊತ್ತು. ಈ ಹುಡುಗರಿಗೆ ಅಂಥ ಮೇಳವೇ ಇಲ್ಲ. ಕಥೆಯ ನೋವೇ ಅದು.

‘ಹೊರಬಂದ’ ಎಂಬುದನ್ನೂ ನಾನು ಹಾಕುವುದಿಲ್ಲ. ನಮ್ಮ ಕಡೆ ಹೊರಗಾಗುವುದು, ಹೊರಗೆ ಕೂರುವುದು ಅಂದರೆ ಏನೆಂದು ಎಲ್ಲರಿಗೂ ಗೊತ್ತಿದೆ. ಮುಟ್ಟಾದ ಹೆಂಗಸರನ್ನು ದೂರ ಕೂರಿಸಿದ ಮಾತು ಅದು. ಆ ನೆನಪು ಇರುವ ಮನೆಗಳಲ್ಲಿ ‘ಹೊರಗೆ ಬಂದ’ ಅಂದರೆ ಬಿಡುಗಡೆ ಅಂತ ಯಾರಿಗೂ ಕೇಳಿಸುವುದಿಲ್ಲ. ಬೆಂಗಳೂರಿನ ಗೆಳೆಯರು ಇದನ್ನು ಸುಮ್ನೆ ತಳ್ಳಿಹಾಕಬೇಡಿ.

ಅಚ್ಚಗನ್ನಡದವರು ಕೊಟ್ಟ ‘ಮರೆಯೊಲವಿಗ’. ಕಟ್ಟಿದ ರೀತಿ ಸರಿ ಇದೆ, ಸಂಧಿಯೂ ಸರಿ. ಆದರೆ ಮರೆ ಅಂದರೆ ಅಡಗುವುದು, ಮರೆ ಅಂದರೆ ಮರೆತುಹೋಗುವುದು. ತಮಿಳಿನಲ್ಲಿ ಮಱೈ, ಮಱ ಎಂದು ಎರಡೂ ಬೇರೆಯಾಗಿ ಉಳಿದಿವೆ, ನಮ್ಮಲ್ಲಿ ಒಂದಾಗಿವೆ. ತೆರೆಯ ಮೇಲೆ ಎರಡು ಸೆಕೆಂಡು ಮಿಂಚಿ ಹೋಗುವ ಸಾಲಿನಲ್ಲಿ ‘ಪ್ರೀತಿ ಮರೆತವನು’ ಎಂದು ಓದಿಕೊಂಡರೆ ಕಥೆ ಅಲ್ಲಿಗೇ ಮುಗಿಯಿತು.

ಈಗ ನನ್ನ ಮಾತು. ನಾವೆಲ್ಲ ನಾಮಪದ ಹುಡುಕುತ್ತಾ ಕೂತಿದ್ದೇವೆ, ಕನ್ನಡ ಇಂಥದ್ದನ್ನು ಕ್ರಿಯಾಪದದಲ್ಲಿ ಹೇಳುತ್ತದೆ. ‘ಹೇಳು’ ಬೇರೆ, ‘ಹೇಳಿಕೊಳ್ಳು’ ಬೇರೆ. ಸುದ್ದಿ ಹೇಳುತ್ತೇವೆ, ಕಷ್ಟ ಹೇಳಿಕೊಳ್ಳುತ್ತೇವೆ. ಆ ‘ಕೊಳ್ಳು’ ಬಂದ ಕೂಡಲೇ ಮಾತು ಹೇಳುವವನ ಸ್ವಂತದ್ದಾಗುತ್ತದೆ, ಕೇಳುವವನು ನಂಬಿಕಸ್ಥನಾಗುತ್ತಾನೆ. ‘ಅವನು ಇನ್ನೂ ಹೇಳಿಕೊಂಡಿಲ್ಲ.’ ಇದರಲ್ಲಿ ಅಪರಾಧ ಇಲ್ಲ, ನಾಚಿಕೆ ಇಲ್ಲ, ಇವತ್ತಲ್ಲ ನಾಳೆ ಹೇಳಿಕೊಳ್ಳಬಹುದು ಎಂಬ ಜಾಗವೂ ಇದೆ. ಪತ್ರಿಕೆಗಳಲ್ಲಿ ‘ತಾನು ಸಲಿಂಗಿ ಎಂದು ಒಪ್ಪಿಕೊಂಡ’ ಎಂದು ಬರೆಯುತ್ತಾರೆ, ಅದು ನನಗೆ ಸಹಿಸುವುದಿಲ್ಲ. ಒಪ್ಪಿಕೊಳ್ಳುವುದು ತಪ್ಪನ್ನು. ಬಾಯಿಬಿಡುವುದು ಪೊಲೀಸರ ಮುಂದೆ. ಬಯಲಾಗುವುದು ಹಗರಣ.

ಬೇರೆ ವಾಕ್ಯಗಳಲ್ಲಿ ಇಟ್ಟು ನೋಡಿ. ಲ್ಯೂಕ್ ಪ್ರೊಕಾಪ್ 2021ರ ಜುಲೈನಲ್ಲಿ ತಾನು ಗೇ ಎಂದು ಹೇಳಿಕೊಂಡರು, ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನ ತಂಡದ ಕರಾರಿನಲ್ಲಿದ್ದು ಹಾಗೆ ಹೇಳಿಕೊಂಡವರಲ್ಲಿ ಅವರೇ ಮೊದಲಿಗರು. ಜರ್ಮನಿಯ ಫುಟ್‌ಬಾಲ್ ಆಟಗಾರ ಥಾಮಸ್ ಹಿಟ್ಸಲ್‌ಸ್ಪರ್ಗರ್ ಹೇಳಿಕೊಂಡದ್ದು 2014ರಲ್ಲಿ, ಆಟ ಬಿಟ್ಟ ಮೇಲೆ. ನಮ್ಮ ಓಟಗಾರ್ತಿ ದ್ಯುತಿ ಚಂದ್ ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತೇನೆ ಎಂದು 2019ರಲ್ಲಿ ಹೇಳಿಕೊಂಡರು. ಎಲ್ಲಾದರೂ ತೊಡಕಾಯಿತಾ? ನನಗಂತೂ ಆಗಲಿಲ್ಲ.

ಕಥೆಯ ರಷ್ಯಾದ ಆಟಗಾರನ ವಿಷಯಕ್ಕೆ ಬಂದಾಗ ಇನ್ನೊಂದು ಅನುಕೂಲ ಕಂಡಿತು. ಅವನ ದೇಶದಲ್ಲಿ 2013ರಿಂದ ಸಲಿಂಗ ಪ್ರೀತಿಯ ‘ಪ್ರಚಾರ’ದ ವಿರುದ್ಧ ಕಾನೂನಿದೆ, 2023ರ ನವೆಂಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇಂಥವರ ಇಡೀ ಚಳವಳಿಯನ್ನೇ ಉಗ್ರವಾದ ಎಂದುಬಿಟ್ಟಿತು. ಹಾಗಾಗಿ ಕೆನಡಾದವನು ‘ಹೇಳಿಕೊಂಡಿಲ್ಲ’, ರಷ್ಯಾದವನು ‘ಹೇಳಿಕೊಳ್ಳುವ ಹಾಗಿಲ್ಲ’. ಇಂಗ್ಲಿಷಿನ ಒಂದೇ ಪದ ಇಬ್ಬರನ್ನೂ ಒಂದೇ ಕಪಾಟಿಗೆ ಹಾಕುತ್ತದೆ, ಕನ್ನಡ ಅವರನ್ನು ಬೇರೆ ಮಾಡಿ ತೋರಿಸುತ್ತದೆ. ನಮ್ಮಲ್ಲೂ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಎಂದು 377ನೇ ಕಲಮಿನ ತೀರ್ಪು ಕೊಡುವ ತನಕ ಬಹಳ ಜನರಿಗೆ ‘ಹೇಳಿಕೊಳ್ಳುವ ಹಾಗಿಲ್ಲ’ ಎಂಬುದೇ ನಿಜವಾಗಿತ್ತು.

ಇದನ್ನು ನಾನು ನಿಘಂಟಿನಲ್ಲಿ ಹುಡುಕಿ ತಂದದ್ದಲ್ಲ. ಆ ತೀರ್ಪಿಗೂ ಮೊದಲು, ನನ್ನ ಜೊತೆ ವಾಲಿಬಾಲ್ ಆಡುತ್ತಿದ್ದ ಗೆಳೆಯನೊಬ್ಬ ಟ್ಯಾಗೋರ್ ಬೀಚಿನಲ್ಲಿ ಕತ್ತಲಾಗುವ ತನಕ ಸುಮ್ಮನೆ ಕೂತಿದ್ದ. ಆಮೇಲೆ ‘ನಿನ್ನ ಹತ್ರ ಒಂದು ವಿಷಯ ಹೇಳ್ಕೊಬೇಕು’ ಅಂದ. ಪದ ಅವನೇ ಆರಿಸಿದ್ದು. ಮೂರು ವರ್ಷ ಒಂದೇ ತಂಡದಲ್ಲಿದ್ದೆವು, ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿದ್ದೆವು, ಅಲ್ಲಿ ಹುಡುಗರು ಆಡುತ್ತಿದ್ದ ಮಾತಿಗೆಲ್ಲ ಅವನೂ ನಗುತ್ತಿದ್ದ. ಯಾವ ಪಂಡಿತರ ಪದಕ್ಕಿಂತಲೂ ಅವನ ಆ ಪದವನ್ನೇ ನಾನು ನಂಬುತ್ತೇನೆ.

‘ಗೇ’ ಬಗ್ಗೆ. ಪರಭಾಷೆಯ ಪದ, ಬೇಡ ಎಂದು ನಾಲ್ಕು ಜನ ಬರೆದಿದ್ದಾರೆ. ಕರಾವಳಿಯವರು ನಾವು ಬಾಗಿಲಿಗೆ ಚಾವಿ ಹಾಕುತ್ತೇವೆ, ತಿಂಗಳಿಗೆ ಪಗಾರ ಎಣಿಸುತ್ತೇವೆ, ಬಟಾಟೆ ಪಲ್ಯ ಮಾಡುತ್ತೇವೆ. ಮೂರೂ ಪೋರ್ಚುಗೀಸರಿಂದ ಬಂದವು. ಕಪಾಟು ಬೇಡ ಎಂದು ಒಬ್ಬರು ಸೂಚಿಸಿದ ಅಲಮಾರು ಕೂಡ ಅವರದ್ದೇ. ನಾನೂರು ವರ್ಷ ಬಳಸಿದರೆ ನಮ್ಮದು, ನಲವತ್ತು ವರ್ಷವಾದರೆ ಪರರದ್ದು ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ, ಅದನ್ನು ಮೊದಲು ಕೇಳಬೇಕು. ‘ಸಲಿಂಗಕಾಮಿ’ ನಾನು ಹಾಕುವುದಿಲ್ಲ, ‘ಕಾಮಿ’ ಅಂದಮೇಲೆ ಪ್ರೀತಿ ಎಲ್ಲಿ ಉಳಿಯಿತು? ಗಂಡು ಹೆಣ್ಣು ಪ್ರೀತಿಸಿದರೆ ಯಾರೂ ಹಾಗೆ ಕರೆಯುವುದಿಲ್ಲ. ‘ಸಲಿಂಗಿ’ ಆಗಬಹುದು. ‘ಲೈಂಗಿಕ ಅಲ್ಪಸಂಖ್ಯಾತ’ ಸಂಘಟನೆಗಳಲ್ಲಿ ಬಳಕೆಯಲ್ಲಿದೆ, ಆದರೆ ಪ್ರೇಮದ ಮಾತಿನ ನಡುವೆ ಕೂರುವುದಿಲ್ಲ.

‘ಗೇ’ಗೆ ಇರುವ ನಿಜವಾದ ತೊಡಕು ಓದುವುದರಲ್ಲಿ. ‘ಅವನು ಗೇ’ ಎಂಬುದು ‘ಅವನಿಗೇ’ ಎಂಬುದರ ತುಂಡಿನಂತೆ ಕಾಣುತ್ತದೆ. ಇದನ್ನು ಕುಮಟಾದ ಅಕ್ಕೋರು ಒಬ್ಬರೇ ಗಮನಿಸಿದ್ದು, ಅವರಿಗೆ ಧನ್ಯವಾದ. ಹಾಗಾಗಿ ‘ತಾನು ಗೇ ಎಂದು’ ಎಂಬ ಹಾಗೆ ನಡುವೆ ಇಡುತ್ತೇನೆ, ಸಾಲಿನ ಕೊನೆಗೆ ಬಿಡುವುದಿಲ್ಲ. ಗೇಯುವುದು, ಗೇಣಿ ಇವುಗಳ ಜೊತೆ ಗೊಂದಲ ಎಂದವರಿಗೆ: ಇಲ್ಲ, ಆಗುವುದಿಲ್ಲ.

ಪೋಸ್ಟರಿಗೆ ಮಾತ್ರ ನಾಮಪದ ಬೇಕಿತ್ತು. ‘ಹೇಳಿಕೊಳ್ಳದ ಪ್ರೀತಿ’ ಎಂದು ಬರೆದು ನೋಡಿದೆ, ಅದು ಹುಡುಗಿಗೆ ಹೇಳಲಾಗದ ಒಮ್ಮುಖ ಪ್ರೀತಿಯ ಹಾಗೆ ಕೇಳಿಸಿತು. ಇವರು ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆ, ಊರಿಗೆ ಹೇಳಿಲ್ಲ ಅಷ್ಟೆ. ‘ಕಳ್ಳ ಪ್ರೀತಿ’ ಅಂದರೆ ಹಾದರದ ವಾಸನೆ. ‘ಗುಟ್ಟಿನ ಪ್ರೀತಿ’ ಒಳ್ಳೆಯದು. ಸಂಸಾರ ಗುಟ್ಟು ವ್ಯಾಧಿ ರಟ್ಟು ಅಂತಾರಲ್ಲ, ಗುಟ್ಟಿನಲ್ಲಿ ಕೊಳಕಿಲ್ಲ, ಜೋಪಾನ ಇದೆ. ಅದನ್ನೇ ಹಾಕುತ್ತೇನೆ.

ಇನ್ನೊಂದು ಉಳಿದಿದೆ. ತಾನಾಗಿ ಹೇಳಿಕೊಳ್ಳುವ ಮೊದಲೇ ಬೇರೆಯವರು ಒಬ್ಬನ ವಿಷಯ ಊರಿಗೆಲ್ಲ ಸಾರುವುದಕ್ಕೆ ಏನನ್ನಬೇಕು? ಸದ್ಯಕ್ಕೆ ‘ಅವನು ಹೇಳಿಕೊಳ್ಳುವ ಮೊದಲೇ ಇವರು ಹೇಳಿಬಿಟ್ಟರು’ ಎಂದು ಬರೆದಿದ್ದೇನೆ. ‘ಕೊಳ್ಳು’ ಹೋಗಿ ‘ಬಿಡು’ ಬಂದಾಗ ಅವನ ಕೈಯಿಂದ ಏನೋ ಕಿತ್ತುಕೊಂಡ ಹಾಗೆ ನನಗೆ ಕೇಳಿಸುತ್ತದೆ. ನಿಮಗೂ ಹಾಗೇ ಕೇಳಿಸುತ್ತದಾ, ಅಥವಾ ಬಾಯಿತಪ್ಪಿ ಹೇಳಿದ ಹಾಗೆ ಆಯಿತಾ? ಇದಿಷ್ಟಕ್ಕೇ ಶುಕ್ರವಾರ ರಾತ್ರಿಯೊಳಗೆ ಉತ್ತರ ಕೊಡಿ. ಎರವಲಿನ ಜಗಳ ಭಾನುವಾರ ಮುಂದುವರಿಸೋಣ, ನಾನೂ ಬರುತ್ತೇನೆ.