ಬಿಎ ಓದು, ಜೊತೆಗೆ ವ್ಯವಹಾರದ ಇಂಟರ್ನ್‌ಶಿಪ್: ಎರಡಕ್ಕೂ ಆಗುವ ಸ್ಕಾಲರ್‌ಶಿಪ್ ಯಾವುದು?

ಚಾಲಿ_ಶಿರಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಂಗಿ ಶಿರಸಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಎರಡನೇ ವರ್ಷ, ಆರ್ಟ್ಸ್. ಹತ್ತನೇ ತರಗತಿಯೂ ಸರ್ಕಾರಿ ಶಾಲೆಯಲ್ಲೇ. ಇತಿಹಾಸ, ಅರ್ಥಶಾಸ್ತ್ರ ಬಿಡುವ ಮನಸ್ಸಿಲ್ಲ ಅವಳಿಗೆ. ಆದರೆ ಬಿಎ ಮುಗಿಯುವ ಹೊತ್ತಿಗೆ ಲೆಕ್ಕಪತ್ರ, ಮಾರುಕಟ್ಟೆ, ಆಫೀಸು ಅಂದರೆ ಏನು ಅಂತ ಗೊತ್ತಿರಬೇಕು ಅಂತ ಆಸೆ. ಮನೆಯ ಆದಾಯ ಪ್ರಮಾಣಪತ್ರ ಒಂದು ಲಕ್ಷದ ಒಳಗೆ, ಜಾತಿ 2ಎ, ತೋಟ ಒಂದೂವರೆ ಎಕರೆ. ಫೀ, ರೂಮಿನ ಖರ್ಚು, ಇಂಟರ್ನ್‌ಶಿಪ್ ಮೂರೂ ಒಂದೇ ಕಡೆ ಸಿಗುವಂಥದ್ದು ಇದೆಯೇ? ಕೇಂದ್ರದ ಸ್ಕಾಲರ್‌ಶಿಪ್‌ಗೆ 80 ಪರ್ಸೆಂಟ್ ಬೇಕಂತೆ. ಅವಳಿಗೆ 78ರ ಆಸುಪಾಸು ಬರಬಹುದು.

ಕಾಳಿದಂಡೆ ಉತ್ತರ:

ಮೊದಲು ಆ 80ರ ವಿಷಯ ಸರಿಮಾಡಿಕೊಳ್ಳಿ. ಅದು ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಅಂದರೆ ಆ ವರ್ಷ ಬೋರ್ಡಿನಲ್ಲಿ ಆರ್ಟ್ಸ್ ಪಾಸಾದವರನ್ನು ಸಾಲಾಗಿ ನಿಲ್ಲಿಸಿದರೆ, ನೂರರಲ್ಲಿ ಮೇಲಿನ ಇಪ್ಪತ್ತು ಜನರ ಒಳಗಿರಬೇಕು ಅಷ್ಟೇ. ಆರ್ಟ್ಸ್‌ನಲ್ಲಿ 78 ಪರ್ಸೆಂಟ್ ಬಂದವರೂ ಅದರೊಳಗೆ ಬರಬಹುದು. ಈ ಒಂದು ತಪ್ಪು ತಿಳಿವಳಿಕೆಯಿಂದ ಅರ್ಹರೇ ಅರ್ಜಿ ಹಾಕದೆ ಬಿಡುತ್ತಾರೆ, ಅದು ಬಹಳ ಬೇಸರದ ಸಂಗತಿ. ಕುಟುಂಬದ ಆದಾಯ 4.5 ಲಕ್ಷದ ಒಳಗಿದ್ದರೆ ಪದವಿಯ ಮೂರು ವರ್ಷ ತಲಾ 12,000 ರೂಪಾಯಿ. ಕಾಲೇಜು ರೆಗ್ಯುಲರ್ ಆಗಿರಬೇಕು, ದೂರಶಿಕ್ಷಣಕ್ಕೆ ಇಲ್ಲ. ನವೀಕರಣಕ್ಕೆ 50 ಪರ್ಸೆಂಟ್ ಅಂಕ, 75 ಪರ್ಸೆಂಟ್ ಹಾಜರಿ.

ಆದರೆ ಇದನ್ನು ತೆಗೆದುಕೊಂಡರೆ ರಾಜ್ಯದ ಬೇರೆ ಸ್ಕಾಲರ್‌ಶಿಪ್ ಪಡೆಯುವಂತಿಲ್ಲ. ನಿಮ್ಮಂಥವರಿಗೆ ಇಲ್ಲೇ ಲೆಕ್ಕ ಹಾಕಬೇಕಾದದ್ದು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದೆ ರೂಮು ಮಾಡಿದರೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500ರಂತೆ 10 ತಿಂಗಳು, ವರ್ಷಕ್ಕೆ 15,000 ಎಂದು ಶುರುವಾದ ಯೋಜನೆ. ತಂಗಿ ಊರು ಬಿಟ್ಟು ಓದುವುದಾದರೆ ವಿದ್ಯಾಸಿರಿ ಲಾಭ. ಮನೆಯಿಂದಲೇ ಹೋಗಿ ಬರುವುದಾದರೆ ಕೇಂದ್ರದ್ದು ನೋಡಿ. ಎರಡಕ್ಕೂ ಹಾಕಿ 'ಯಾವುದು ಬರುತ್ತೋ ಬರಲಿ' ಎಂದು ಕೂತರೆ ಕೊನೆಗೆ ಎರಡೂ ತೊಡಕಿಗೆ ಬೀಳುತ್ತವೆ.

ಹತ್ತನೇ ಮತ್ತು ಪಿಯು ಎರಡೂ ಸರ್ಕಾರಿ ಎಂದಿರಿ. ಹಾಗಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಹೆಣ್ಣುಮಕ್ಕಳ ಸ್ಕಾಲರ್‌ಶಿಪ್ ಬಿಡಲೇಬೇಡಿ. ವರ್ಷಕ್ಕೆ 30,000, ಎರಡು ಕಂತಿನಲ್ಲಿ, ಕೋರ್ಸ್ ಮುಗಿಯುವವರೆಗೆ. ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ಜೊತೆ ಸೇರಿ 'ದೀಪಿಕಾ' ಎಂಬ ಹೆಸರಿನಲ್ಲಿ ಬಂತು. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಎರಡನೇ ವರ್ಷಕ್ಕೆ ನೆನಪಾದರೆ ಪ್ರಯೋಜನವಿಲ್ಲ. ಅರ್ಜಿಗೆ ಶುಲ್ಕ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ರೈತರ ಮಕ್ಕಳಿಗೆ ರಾಜ್ಯದ ರೈತ ವಿದ್ಯಾನಿಧಿಯೂ ಇದೆ. 2021ರಲ್ಲಿ ಶುರುವಾದಾಗ ಬಿಎಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ನಿಗದಿಯಾಯಿತು. ನಮ್ಮ ಘಟ್ಟದ ಮೇಲಿನ ತೋಟದ ಮನೆಗಳಲ್ಲಿ ಇದು ಸಿಕ್ಕಿಹಾಕಿಕೊಳ್ಳುವುದು ಒಂದೇ ಜಾಗದಲ್ಲಿ: ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ಅಪ್ಪ ಅಥವಾ ಅಮ್ಮನ ಹೆಸರಿಗೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇರಬೇಕು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು, ಆಗದಿದ್ದರೆ ಅದನ್ನು ಈಗಲೇ ಶುರುಮಾಡಿ, ಅಡ್ಮಿಶನ್ ಆದಮೇಲೆ ಓಡಾಡಿದರೆ ಆ ವರ್ಷದ್ದು ಹೋದಂತೆಯೇ.

ಇನ್ನೊಂದು, ಬ್ಯಾಂಕ್ ಖಾತೆ. ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು. ಅದು ಗುರುತಿನ ದಾಖಲೆ (ಕೆವೈಸಿ) ಮಾತ್ರ. ನೇರ ವರ್ಗಾವಣೆಗೆ ಆಧಾರ್ ಸಂಖ್ಯೆಗೆ ಖಾತೆಯನ್ನು ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅದಕ್ಕೆ ಬ್ಯಾಂಕಿನಲ್ಲಿ ಒಪ್ಪಿಗೆಯ ಫಾರಂ ಬೇರೆಯೇ ಕೊಡಬೇಕು. ಎರಡು ಖಾತೆ ಇದ್ದರೆ ಕೊನೆಗೆ ಯಾವುದು ಮ್ಯಾಪ್ ಆಗಿದೆಯೋ ಅದಕ್ಕೇ ಹಣ ಬೀಳುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಆದ ಎಸ್‌ಎಸ್‌ಪಿ ತಕರಾರು ತೆಗೆಯುತ್ತದೆ.

ತದಡಿ_ಬಂದರು ಉತ್ತರ:

ದುಡ್ಡಿನದು ಮೇಲಿನವರು ಸರಿಯಾಗಿ ಹೇಳಿದ್ದಾರೆ. ಇಂಟರ್ನ್‌ಶಿಪ್ ಬಗ್ಗೆ ನಾನು ಹೇಳುತ್ತೇನೆ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಎಂದು ಎಲ್ಲರೂ ಹೇಳುತ್ತಾರೆ. ಅಕ್ಟೋಬರ್ 2024ರಲ್ಲಿ ಬಂದಾಗ ಅದರ ನಿಯಮ: ವಯಸ್ಸು 21ರಿಂದ 24, ಪೂರ್ಣಾವಧಿ ಓದಿನಲ್ಲಿ ಇರಬಾರದು, 12 ತಿಂಗಳು, ತಿಂಗಳಿಗೆ 5,000. ಹಾಗಾಗಿ ಅದು ಕಾಲೇಜಿಗೆ ಹೋಗುವ ಹುಡುಗಿಗಲ್ಲ, ಬಿಎ ಮುಗಿಸಿದ ಮೇಲೆ ನೋಡಬೇಕಾದದ್ದು. ಓದುವಾಗಲೇ ಬೇಕೆಂದರೆ ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿ ಕೋರ್ಸುಗಳಿವೆ. ಕೆಲವು ಸೆಮಿಸ್ಟರ್ ತರಗತಿ, ಕೆಲವು ಸೆಮಿಸ್ಟರ್ ಕಂಪನಿಯಲ್ಲಿ ಸ್ಟೈಪೆಂಡ್ ಸಹಿತ ಕೆಲಸ. ನೀವು ಕೇಳಿದ 'ಎಲ್ಲ ಒಂದೇ ಕಡೆ' ಎಂಬುದಕ್ಕೆ ಇದೇ ಹತ್ತಿರ. ಆದರೆ ಇವು ರೀಟೇಲ್, ಲಾಜಿಸ್ಟಿಕ್ಸ್ ಕಡೆಗೇ ಹೆಚ್ಚು ವಾಲುತ್ತವೆ. ಇತಿಹಾಸ ಮುಖ್ಯ ಎನ್ನುವವಳಿಗೆ ನಾನು ಇದನ್ನು ಹೇಳುವುದಿಲ್ಲ.

ಅವಳಿಗೆ ಒಳ್ಳೆಯ ಜಾಗ ಶಿರಸಿಯಲ್ಲೇ ಇದೆ: ಸಹಕಾರ ಸಂಘಗಳು. ಟಿಎಸ್‌ಎಸ್, ಟಿಎಂಎಸ್, ಕದಂಬ, ಕೆಡಿಸಿಸಿ ಬ್ಯಾಂಕು, ಊರೂರಿನ ಸೇವಾ ಸಹಕಾರಿ ಸಂಘಗಳು. 'ಇಂಟರ್ನ್‌ಶಿಪ್ ಕೊಡಿ' ಎಂದು ಬರಿಗೈಲಿ ಹೋದರೆ ಫೈಲು ಜೋಡಿಸಲು ಕೂರಿಸುತ್ತಾರೆ. ಮಾಡುವ ಕೆಲಸವನ್ನು ಅವಳೇ ಒಂದು ಪುಟದಲ್ಲಿ ಬರೆದು ಒಯ್ಯಬೇಕು. ಉದಾಹರಣೆಗೆ ಅಡಿಕೆ ದರ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ, ಚಿಪ್ಪು ಹೀಗೆ ಅಡಿಕೆಯ ಪ್ರತಿಯೊಂದು ಬಗೆಗೂ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಹೋದ) ದರ ಕ್ವಿಂಟಾಲಿಗೆ ಇಷ್ಟು ಎಂದು ಸಿಗುತ್ತದೆ. ಎರಡು ಹಂಗಾಮಿನದು ಎಕ್ಸೆಲ್‌ಗೆ ಇಳಿಸಿ, ಚಾಲಿಯಲ್ಲಿ ಕನಿಷ್ಠ ಗರಿಷ್ಠದ ಅಂತರ ಯಾವ ತಿಂಗಳು ಹಿಗ್ಗುತ್ತದೆ ಎಂದು ನೋಡಬೇಕು. ಆಮೇಲೆ ಟೆಂಡರ್ ದಿನ ಅಂಗಳದಲ್ಲಿ ನಿಂತು, ಚೀಲದಿಂದ ತೆಗೆದ ಮಾದರಿಯನ್ನು ಕತ್ತರಿಸಿ ಒಳಗಿನ ಬಣ್ಣ, ಹಳತು ಹೊಸತು ನೋಡಿ ದರ ಬರೆಯುವ ಕ್ರಮ ಗಮನಿಸಿ ಅದರ ಪಕ್ಕಕ್ಕೆ ಬರೆದಿಡಬೇಕು. ಅಂಕಿ ಒಂದು ಕಡೆ, ಕಾರಣ ಒಂದು ಕಡೆ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿತಲ್ಲ, ಅದರ ಚರಿತ್ರೆ ಬರೆಯಲು ಇತಿಹಾಸದ ಹುಡುಗಿಗಿಂತ ತಕ್ಕವರು ಯಾರು?

ಸಮಯವೂ ಮುಖ್ಯ. ಸಂಘಗಳ ಸರ್ವಸಾಧಾರಣ ಸಭೆ ಸಪ್ಟೆಂಬರ್ ಒಳಗೆ ಆಗಬೇಕು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ವಾರ್ಷಿಕ ವರದಿ ಬರೆಯುವವರು ಬೇಕಾಗುತ್ತಾರೆ. ಜಮಾಖರ್ಚು, ಲಾಭ ಹಂಚಿಕೆ, ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಓದಲು ಕಲಿಯುವುದು ಅಲ್ಲೇ. ಅದೇ ಕಾರವಾರದ ಬೈತಕೋಲ್ ಅಥವಾ ತದಡಿಯಲ್ಲಿ ಮೀನುಗಾರರ ಸಂಘ ಹಿಡಿಯುವುದಾದರೆ ಜೂನ್ 1ರಿಂದ ಜುಲೈ 31ರವರೆಗೆ ಬೇಡ. ಯಾಂತ್ರಿಕ ದೋಣಿ ನಿಂತಿರುತ್ತದೆ, ಹರಾಜೂ ಇರುವುದಿಲ್ಲ.

ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್‌ಗೆ 30 ಗಂಟೆ. ನಾಲ್ಕು ಕ್ರೆಡಿಟ್‌ಗೆ 120 ಗಂಟೆ. ವಾರಕ್ಕೆ ಎರಡು ದಿನ ಆರಾರು ಗಂಟೆ ಹೋದರೆ ಹತ್ತು ವಾರ, ಹಾಜರಿಗೂ ಪೆಟ್ಟಿಲ್ಲ. ಸರ್ಟಿಫಿಕೇಟಿನಲ್ಲಿ 'ತೃಪ್ತಿಕರವಾಗಿ ಮುಗಿಸಿದ್ದಾರೆ' ಎಂದಷ್ಟೇ ಇದ್ದರೆ ಮುಂದೆ ಎಲ್ಲೂ ನಡೆಯುವುದಿಲ್ಲ. ಶುರುವಾದ ದಿನ, ಮುಗಿದ ದಿನ, ಒಟ್ಟು ಗಂಟೆ, ಮಾಡಿದ ಕೆಲಸ, ಸಹಿ ಮಾಡಿದವರ ಹುದ್ದೆ ಇರಲೇಬೇಕು. ಕಾಲೇಜಿನ ಅನುಮತಿ ಪತ್ರ ಮೊದಲೇ ಪಡೆದುಕೊಳ್ಳಿ, ಮುಗಿದ ಮೇಲೆ ಹಳೆ ದಿನಾಂಕ ಹಾಕಿ ಕೊಡಿ ಎಂದರೆ ಯಾರೂ ಕೊಡುವುದಿಲ್ಲ.

ಚಾಲಿ_ಶಿರಸಿ:

ಇಬ್ಬರಿಗೂ ತುಂಬಾ ಉಪಕಾರವಾಯಿತು. ಪಹಣಿ ಅಜ್ಜನ ಹೆಸರಿನಲ್ಲೇ ಇದೆ, ಈ ವಾರವೇ ವಿಚಾರಿಸುತ್ತೇನೆ. ಜಿಲ್ಲೆಯ ಹೊರಗೆ, ವಿದೇಶದಲ್ಲಿ ಇಂಥದ್ದು ನಿಜವಾಗಿ ಒಂದೇ ಕಡೆ ಸಿಗುತ್ತದೆ ಅಂತಾರೆ. ಹೌದೇ?

ಮೆಣಸಿನಬಳ್ಳಿ ಉತ್ತರ:

ಹೌದು, ಸಿಗುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ ವಾಷಿಂಗ್ಟನ್ ಅಂಡ್ ಲೀ ಎಂಬ ವಿಶ್ವವಿದ್ಯಾಲಯ ಇದೆ. ಸಾಹಿತ್ಯ, ಇತಿಹಾಸದ ಜೊತೆಗೆ ವಾಣಿಜ್ಯ ವಿಭಾಗವೂ ಒಂದೇ ಆವರಣದಲ್ಲಿ. ಅಲ್ಲಿನ ಜಾನ್ಸನ್ ಸ್ಕಾಲರ್‌ಶಿಪ್ ಬೋಧನಾ ಶುಲ್ಕ, ವಸತಿ, ಊಟದ ಜೊತೆಗೆ ಬೇಸಿಗೆ ಇಂಟರ್ನ್‌ಶಿಪ್, ಸಂಶೋಧನೆಗೂ ಬೇರೆ ಹಣ ಇಡುತ್ತದೆ. ಪ್ರತ್ಯೇಕ ಪ್ರಬಂಧ ಬರೆಯಬೇಕು, ಪೈಪೋಟಿ ಬಹಳ. ಒಂದು ತೊಡಕು: ಎಫ್‌-1 ವೀಸಾದಲ್ಲಿ ಓದುವವರು ಅಲ್ಲಿನ ಕಂಪನಿಯಲ್ಲಿ ಇಂಟರ್ನ್ ಆಗಲು ಸಾಮಾನ್ಯವಾಗಿ ಮೊದಲು ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿಸಿರಬೇಕು. ಇದಕ್ಕೆಲ್ಲ ತಯಾರಿ ಪಿಯು ಮೊದಲ ವರ್ಷದಿಂದಲೇ ಬೇಕು. ನಿಮ್ಮ ತಂಗಿಗೆ ಈ ವರ್ಷ ತಡವಾಯಿತು.

ಈಗಲೂ ಕೈಗೆಟಕುವುದು ಬೆಂಗಳೂರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಬಿಎಗೆ ಇತಿಹಾಸ, ಅರ್ಥಶಾಸ್ತ್ರ ಎರಡೂ ಇವೆ. ಕುಟುಂಬದ ಆದಾಯ ನೋಡಿ ಫೀ ಮತ್ತು ವಸತಿಯಲ್ಲಿ ಭಾಗಶಃದಿಂದ ಪೂರ್ತಿಯವರೆಗೆ ನೆರವು ಕೊಡುತ್ತಾರೆ. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಸೋನಿಪತ್‌ನ ಅಶೋಕಾದಲ್ಲೂ ಆದಾಯ ಆಧಾರಿತ ನೆರವು ಇದೆ. ಅಲ್ಲಿ ಫೀ, ವಸತಿ ಸೇರಿ ವರ್ಷಕ್ಕೆ 10 ಲಕ್ಷ ದಾಟುವುದರಿಂದ, ನೆರವಿನ ಪತ್ರದಲ್ಲಿ 'ಬೋಧನಾ ಶುಲ್ಕ ಮಾತ್ರ' ಎಂದಿದೆಯೋ 'ವಸತಿ ಸಹಿತ' ಎಂದಿದೆಯೋ ಓದಿಯೇ ಸಹಿ ಹಾಕಿ. ಬೋಧನಾ ಶುಲ್ಕ ಪೂರ್ತಿ ಮನ್ನಾ ಆದರೂ ವಸತಿ, ಊಟದ ದುಡ್ಡು ಕಟ್ಟಲಾಗದೆ ನಡುವೆ ಬಿಡಬೇಕಾಗಬಹುದು.

ಇಂಥ ಅರ್ಜಿಗಳಲ್ಲಿ ತೋಟದ ಮನೆಯವರು ಎಡವುವುದು ಆದಾಯದ ಕಾಗದದಲ್ಲಿ. ಐಟಿ ರಿಟರ್ನ್ ಇಲ್ಲದಿದ್ದರೆ ತಹಶೀಲ್ದಾರರ ಆದಾಯ ಪ್ರಮಾಣಪತ್ರದ ಜೊತೆ ಪಹಣಿ, ಸಂಘದಲ್ಲಿ ಅಡಿಕೆ ಮಾರಿದ ಪಟ್ಟಿ, ಬೆಳೆಸಾಲದ ಪಾಸ್‌ಬುಕ್ ಇಡಿ. ಪ್ರಮಾಣಪತ್ರದಲ್ಲಿ 90,000 ಇದ್ದು ಪಟ್ಟಿಯಲ್ಲಿ ಮೂರು ಲಕ್ಷ ಕಂಡರೆ ಪ್ರಶ್ನೆ ಬಂದೇ ಬರುತ್ತದೆ. ಅದು ಅಡಿಕೆ ಗೊನೆ ಕೊಯ್ಲಿನ ಒಟ್ಟು ಮಾರಾಟ, ಕೊನೆಗೌಡನ (ಗೊನೆ ಇಳಿಸುವವನ) ಕೂಲಿ, ಸುಲಿಗೆ, ಗೊಬ್ಬರ, ಔಷಧಿ, ಸಾಲದ ಕಂತು ಕಳೆದು ಉಳಿದದ್ದು ಇಷ್ಟು ಎಂದು ಒಂದು ಪುಟದ ಲೆಕ್ಕ ಬರೆದು ಜೊತೆಗಿಡಬೇಕು. ಆ ಪುಟವನ್ನು ತಂಗಿಯ ಕೈಲೇ ಬರೆಸಿ. ಸಂದರ್ಶನದಲ್ಲಿ ಕೇಳಿದರೆ ಉತ್ತರ ಹೇಳಬೇಕಾದವಳು ಅವಳೇ.

ಕಾಳಿದಂಡೆ:

ಒಂದು ಸೇರಿಸುತ್ತೇನೆ. ಕೇಂದ್ರದ ಸ್ಕಾಲರ್‌ಶಿಪ್‌ಗೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಮೊದಲು ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಪ್ರತಿ ಸೋಮವಾರ ಸ್ಟೇಟಸ್ ನೋಡಿ. 'ಡಿಫೆಕ್ಟಿವ್' ಎಂದಿದ್ದರೆ ತಿದ್ದಿ ಮತ್ತೆ ಸಲ್ಲಿಸಿ, ಮುದ್ರಿತ ಪ್ರತಿಯನ್ನು ಕಾಲೇಜಿಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.